ತಾಮ್ರ ತೊಳೆದ ನೀರಿನ ಲೆಕ್ಕ

ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಸಣ್ಣ ಪಿಸಿಬಿ (ವಿದ್ಯುನ್ಮಾನ ಉಪಕರಣಗಳ ಒಳಗಿನ ಸರ್ಕ್ಯೂಟ್ ಬೋರ್ಡ್) ತಯಾರಿಕಾ ಘಟಕವೊಂದಕ್ಕೆ ಹೋದರೆ ಅಲ್ಲಿ ತಾಮ್ರ ಜೋಡಿಸುವುದಕ್ಕಿಂತ ಕರಗಿಸುವ ಕೆಲಸವೇ ಹೆಚ್ಚು ಕಾಣುತ್ತದೆ. ಬೋರ್ಡಿನ ಮೇಲಿನ ತಾಮ್ರದ ಪದರ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ. ಚದರ ಮೀಟರಿಗೆ ಸುಮಾರು 300 ಗ್ರಾಂ. ವಿದ್ಯುತ್ ಹರಿಯಬೇಕಾದ ಗೆರೆಗಳನ್ನು ಉಳಿಸಿ, ಮಿಕ್ಕದ್ದನ್ನೆಲ್ಲ ಎಚ್ಚಿಂಗ್ ದ್ರಾವಣ, ಅಂದರೆ ತಾಮ್ರ ಕರಗಿಸುವ ರಾಸಾಯನಿಕ, ತಿಂದುಹಾಕುತ್ತದೆ.

ಚಿಕ್ಕ ಮಟ್ಟದಲ್ಲಿ ಇದಕ್ಕೆ ಬಳಸುವುದು ಹೆಚ್ಚಾಗಿ ಫೆರಿಕ್ ಕ್ಲೋರೈಡ್. ಕಂದು ಬಣ್ಣದ ಈ ದ್ರಾವಣ ತಾಮ್ರ ತಿಂದಂತೆಲ್ಲ ಹಸಿರು ತಿರುಗಿ, ಕೊನೆಗೆ ಸುಸ್ತಾಗುತ್ತದೆ. ಆಗ ಉಳಿಯುವುದು ಕಬ್ಬಿಣ, ತಾಮ್ರ, ಆಮ್ಲ ಎಲ್ಲ ಕಲಸಿಹೋದ ಅಪಾಯಕಾರಿ ತ್ಯಾಜ್ಯ.

ಕ್ಯುಪ್ರಿಕ್ ಕ್ಲೋರೈಡಿನದು ಬೇರೆಯೇ ಕಥೆ. ತಾಮ್ರವನ್ನು ಕರಗಿಸಲು ತಾಮ್ರದ್ದೇ ಲವಣ! ಲೋಹವನ್ನು ಕರಗಿಸುತ್ತಾ ಅದು ಕ್ಯುಪ್ರಸ್ ಕ್ಲೋರೈಡ್ ಎಂಬ ಇನ್ನೊಂದು ಲವಣವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದರೆ ಮತ್ತೆ ಕ್ಯುಪ್ರಿಕ್. ಜೊತೆಗೆ ಹುಟ್ಟುವುದು ನೀರು ಮಾತ್ರ. ದ್ರಾವಣ ಸವೆಯುವ ಬದಲು ಬೆಳೆಯುತ್ತ ಹೋಗುತ್ತದೆ. ಹೆಚ್ಚಾದದ್ದರಲ್ಲಿ ಬೇರೆ ಲೋಹದ ಕಲಬೆರಕೆ ಇಲ್ಲದ ಕಾರಣ ಅದರಿಂದ ತಾಮ್ರ ತೆಗೆಯುವುದು ಸುಲಭ. ಪರವಾನಗಿ ಪಡೆದ ಮರುಸಂಸ್ಕರಣಾ ಘಟಕಕ್ಕೆ ಅದು ಕಚ್ಚಾವಸ್ತು. ಆದರೆ ಪೆರಾಕ್ಸೈಡ್ ಅತಿಯಾದರೆ ಕ್ಲೋರಿನ್ ಅನಿಲ ಏಳುತ್ತದೆ. ಕಣ್ಣಂದಾಜಿನ ಕೆಲಸ ಇಲ್ಲಿ ನಡೆಯದು.

ಇಷ್ಟಾದರೂ ನನ್ನ ಗುಮಾನಿ ತೊಳೆಯುವ ತೊಟ್ಟಿಯ ಮೇಲೆಯೇ. ಎಚ್ಚಿಂಗ್ ತೊಟ್ಟಿಯಿಂದ ಎತ್ತಿದ ಬೋರ್ಡಿಗೆ ದ್ರಾವಣದ ತೆಳು ಪೊರೆ ಅಂಟಿಕೊಂಡು ಬಂದು, ತೊಳೆಯುವ ನೀರಿಗೆ ಸೇರುತ್ತದೆ. ಬೋರ್ಡನ್ನು ಅಲ್ಲೇ ಎಚ್ಚಿಂಗ್ ತೊಟ್ಟಿಯ ಮೇಲೆ ಹತ್ತಾರು ಸೆಕೆಂಡು ತೊಟ್ಟಿಕ್ಕಲು ಬಿಟ್ಟರೆ ಎಷ್ಟೋ ತಾಮ್ರ ಹಿಂದಿರುಗುತ್ತದೆ, ಕಾಸಿನ ಖರ್ಚಿಲ್ಲ. ಇನ್ನೊಂದು ಉಪಾಯ, ತೊಳೆಯಲು ಎರಡು ತೊಟ್ಟಿಗಳ ಸಾಲು: ಬೋರ್ಡ್ ಒಂದು ದಿಕ್ಕಿಗೆ ಸಾಗಿದರೆ ನೀರು ಎದುರು ದಿಕ್ಕಿನಿಂದ ಬರುತ್ತದೆ. ಅಂಟಿ ಬಂದ ಒಂದು ಲೀಟರ್ ದ್ರಾವಣವನ್ನು ಸಾವಿರ ಪಟ್ಟು ತೆಳುವಾಗಿಸಲು ಒಂಟಿ ತೊಟ್ಟಿಯಲ್ಲಿ ಸುಮಾರು 1,000 ಲೀಟರ್ ನೀರು ಹರಿಸಬೇಕು. ಎರಡು ತೊಟ್ಟಿಗಳ ಏರ್ಪಾಟಿನಲ್ಲಿ, ಲೆಕ್ಕದ ಪ್ರಕಾರ, ಸುಮಾರು 32 ಲೀಟರ್ ಸಾಕು! ಹೊರಹೋಗುವ ನೀರು ಇಷ್ಟು ಕಡಿಮೆಯಾದರೆ ಸಣ್ಣ ಘಟಕಕ್ಕೂ ಅದನ್ನು ಸಂಸ್ಕರಿಸುವುದು ಕೈಗೆಟುಕುತ್ತದೆ.

ತೊಳೆದ ನೀರಿಗೆ ಸುಣ್ಣ ಹಾಕಿ ತಾಮ್ರವನ್ನು ಕೆಸರಾಗಿ ಇಳಿಸುವುದು ಕೊನೆಯ ದಾರಿಯಾಗಿರಲಿ. ಆ ಕೆಸರೂ ಅಪಾಯಕಾರಿ ತ್ಯಾಜ್ಯವೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಆವರಣದಲ್ಲಿ ಇಟ್ಟುಕೊಳ್ಳುವಂತಿಲ್ಲ.

ಇನ್ನು ವಿನ್ಯಾಸಗಾರರಿಗೂ ಇಲ್ಲಿ ಪಾಲಿದೆ. ಬೋರ್ಡಿನ ಖಾಲಿ ಜಾಗವನ್ನು ಗ್ರೌಂಡ್‌ಗೆ (ಸರ್ಕ್ಯೂಟಿನ ಶೂನ್ಯ ವೋಲ್ಟೇಜ್ ನೆಲೆಗೆ) ಜೋಡಿಸಿದ ತಾಮ್ರದಿಂದಲೇ ತುಂಬಿದರೆ ಕರಗಿಸಬೇಕಾದ ತಾಮ್ರವೇ ಕಡಿಮೆ. ಹಲವು ಸರ್ಕ್ಯೂಟ್‌ಗಳಲ್ಲಿ ವಿದ್ಯುತ್ ಗದ್ದಲವೂ, ಅಂದರೆ ಸಂಕೇತಗಳಿಗೆ ಅಡ್ಡಿಯಾಗುವ ಬೇಡದ ಏರಿಳಿತವೂ, ತಗ್ಗುತ್ತದೆ. ಆಂಟೆನಾದ ಸುತ್ತ ಮತ್ತು ಹೆಚ್ಚಿನ ವೋಲ್ಟೇಜ್ ಇರುವ ಕಡೆ ಮಾತ್ರ ಜಾಗ ಬಿಡಬೇಕು.