ಆಳು ಒದಗಿಸುವುದಕ್ಕೆಂದು ಸಂಘ ಕಟ್ಟಬೇಡಿ

ಕಾಸರಗೋಡು ಜಿಲ್ಲೆಯ ನಗರಸಭೆಗಳ ವ್ಯಾಪ್ತಿಯಲ್ಲಿ ಬುಡಕಟ್ಟು ಮಹಿಳೆಯರ ಹೊಸ ಅಯಲ್ಕೂಟವೊಂದು, ಅಂದರೆ ನೆರೆಮನೆಯವರ ಸ್ವಸಹಾಯ ಸಂಘವೊಂದು, ರಚನೆಯಾದ ಕೂಡಲೇ, ತರಬೇತಿ ನೀಡುವ ನನ್ನಲ್ಲಿ ಸಂಬಂಧಪಟ್ಟವರು ಕೇಳುವ ಮೊದಲ ಪ್ರಶ್ನೆ, ಇವರಲ್ಲಿ ಎಷ್ಟು ಮಂದಿ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಗೆ ಸಿಗುತ್ತಾರೆ ಎಂಬುದು. ಕಾಲನಿಗೆ ಏನು ಬೇಕೆಂದು ಆ ಮಹಿಳೆಯರನ್ನು ಕೇಳುವವರು ತೀರಾ ವಿರಳ.

ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಕೆಲಸ ಹೀನವೆಂಬುದು ನನ್ನ ಅಭಿಪ್ರಾಯವಲ್ಲ. ಅದನ್ನು ತಾವಾಗಿಯೇ ಆರಿಸಿಕೊಂಡು ಗೌರವದಿಂದ ದುಡಿಯುವವರನ್ನು ನಾನು ಬಲ್ಲೆ. ಆದರೆ ಇಲ್ಲಿನ ಬುಡಕಟ್ಟುಗಳಲ್ಲೊಂದಾದ ಕೊರಗರ ಮಟ್ಟಿಗೆ ಈ ಪ್ರಶ್ನೆಯ ಹಿಂದೆ ನೋವಿನ ಚರಿತ್ರೆಯಿದೆ. ತುಳುನಾಡಿನಲ್ಲಿ ತಲೆಮಾರುಗಳ ಕಾಲ ಊರಿನ ಹೊಲಸು ತೆಗೆಯುವ ಕೆಲಸವನ್ನು ಇವರ ಮೇಲೆ ಹೊರಿಸಲಾಗಿತ್ತು. ಕೊರಗರನ್ನು ಕೀಳಾಗಿ ಕಂಡು ಅವಮಾನಕರ ಕೆಲಸ, ಆಚರಣೆಗಳಿಗೆ ಬಳಸುವ ಅಜಲು ಪದ್ಧತಿಯನ್ನು ನೆರೆಯ ಕರ್ನಾಟಕವು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಆ ಮನೆಗಳ ಹೆಣ್ಣುಮಕ್ಕಳಿಗೆ, ಬೇರೇನನ್ನೂ ವಿಚಾರಿಸದೆ, ಅಭಿವೃದ್ಧಿಯ ಹೆಸರಿನಲ್ಲಿ ಮತ್ತೆ ಕಸದ ಚೀಲವನ್ನೇ ಕೊಡುವುದು ಅನ್ಯಾಯ.

1998ರಲ್ಲಿ ಆರಂಭವಾದ, ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಯೋಜನೆ ಕುಟುಂಬಶ್ರೀಯಲ್ಲಿ ಅಯಲ್ಕೂಟದ ಮೇಲೆ ವಾರ್ಡಿಗೊಂದು ಎ.ಡಿ.ಎಸ್. (ಪ್ರದೇಶಾಭಿವೃದ್ಧಿ ಸಂಘ), ಅದರ ಮೇಲೆ ನಗರಸಭೆಯ ಮಟ್ಟದಲ್ಲಿ ಸಿ.ಡಿ.ಎಸ್. (ಸಮುದಾಯಾಭಿವೃದ್ಧಿ ಸಂಘ) ಇರುವುದು ಉಳಿತಾಯ, ಸಾಲ ಮತ್ತು ಕಂತುಗಳ ಲೆಕ್ಕಕ್ಕಾಗಿ ಮಾತ್ರವಲ್ಲ. ಮನೆಯಂಗಳದಲ್ಲಿ ಆಡಿದ ಮಾತು ನಗರಸಭೆಯ ಯೋಜನೆಯವರೆಗೆ ತಲುಪಲಿ ಎಂಬುದಕ್ಕಾಗಿ. ಬುಡಕಟ್ಟು ಉಪಯೋಜನೆಯ ಹಣದ ವಿಚಾರ ಬುಡಕಟ್ಟು ನೆಲೆಯ ನಿವಾಸಿಗಳು ಸೇರುವ ಊರುಕೂಟದಲ್ಲಿ ಚರ್ಚೆಯಾಗಬೇಕೆಂಬುದರ ಉದ್ದೇಶವೂ ಅದೇ. ನಾನು ಮತ್ತೆ ಮತ್ತೆ ಹೇಳುವುದು ಇದೊಂದನ್ನೇ: ಸಂಘದ ಮೊದಲ ಕೆಲಸ ತನ್ನ ಬೇಡಿಕೆಯನ್ನು ತಾನೇ ನಿರ್ಧರಿಸುವುದು, ಉದ್ಯೋಗ, ಸಾಲ, ಸಹಾಯಧನ ಎಲ್ಲವೂ ಅನಂತರದ್ದು. ಇದನ್ನು ಒಪ್ಪಿ ತಲೆಯಾಡಿಸಿದವರೇ ಮರುವಾರ ಆಳುಗಳ ಪಟ್ಟಿ ಕೇಳುತ್ತಾರೆ.

ಒಂದು ಕಾಲನಿಯ ಸಭೆಯಲ್ಲಿ, ಬುಟ್ಟಿ ಹೆಣೆಯುವ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ತುಳುವಿನಲ್ಲಿ ಎರಡು ಮಾತು ಹೇಳಿದರು. ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತರೆ ಎಬ್ಬಿಸುತ್ತಾರೆ, ಕುಳಿತುಕೊಳ್ಳಲು ನೆರಳಿರುವ ಒಂದು ಜಾಗ ಬೇಕು ಎಂಬುದು ಮೊದಲನೆಯದು. ಮಳೆಗಾಲದಲ್ಲಿ ಮೇಲಿನ ರಸ್ತೆಯ ನೀರು ಕಾಲನಿಗೆ ನುಗ್ಗುತ್ತದೆ, ಚರಂಡಿ ಬೇಕು ಎಂಬುದು ಎರಡನೆಯದು. ನೆರಳಿನ ಜಾಗವಾದರೆ ಮೀನು, ತರಕಾರಿ ಮಾರುವ ಹೆಂಗಸರಿಗೂ ಆಯಿತು. ಚರಂಡಿಯಾದರೆ ಕೆಳಗಿನ ಮನೆಗಳವರಿಗೂ ಆಯಿತು. ಪೇಟೆಯ ಅತಿ ತಗ್ಗಿನಲ್ಲಿ ವಾಸಿಸುವವರಿಗೆ ನೀರು ಎಲ್ಲಿ ನಿಲ್ಲುತ್ತದೆಂಬುದು ಯಾವ ಎಂಜಿನಿಯರಿಗಿಂತಲೂ ಮೊದಲು ತಿಳಿದಿರುತ್ತದೆ.

ಎಲ್ಲ ಕಾಲನಿಗಳ ಸ್ಥಿತಿ ಒಂದೇ ಅಲ್ಲ. ಜಿಲ್ಲೆಯ ಇತರ ಬುಡಕಟ್ಟುಗಳಾದ ಮಾವಿಲರ, ಮಲೆವೇಟ್ಟುವರ ಅಗತ್ಯಗಳು ಬೇರೆ ಇರಬಹುದು. ಆದ್ದರಿಂದ ಸಂಘ ರಚಿಸಲು ಹೊರಡುವವರು ಮೊದಲ ಸಭೆಯನ್ನು ಅವರ ಅಂಗಳದಲ್ಲೇ, ಕೆಲಸ ಮುಗಿಸಿ ಬಂದ ಹೊತ್ತಿಗೆ, ಅವರಾಡುವ ಭಾಷೆಯಲ್ಲೇ ನಡೆಸಲಿ. ಅಲ್ಲಿ ಬಂದ ಬೇಡಿಕೆಯನ್ನು ನಡವಳಿ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಆಮೇಲಷ್ಟೇ ಸಹಿ ಹಾಕಿಸಲಿ.