ಗೃಹವಿಜ್ಞಾನ: ಮೊದಲು ತಕ್ಕಡಿ, ಆಮೇಲೆ ಒಲೆ

ಪಿಯುಸಿ ಫಲಿತಾಂಶ ಬಂದ ವಾರ ಗೃಹವಿಜ್ಞಾನ ವಿಭಾಗಕ್ಕೆ ಬರುವ ಪೋಷಕರದು ಒಂದೇ ಪ್ರಶ್ನೆ: “ಅಡುಗೆ ಕಲಿಯೋಕೆ ಮೂರು ವರ್ಷ ಬೇಕಾ?” ಮಗಳ ಮೇಲಿನ ಅಕ್ಕರೆಯಿಂದಲೇ ಕೇಳುತ್ತಾರೆ, ಸಿಟ್ಟು ಮಾಡುವಂತಿಲ್ಲ. ಆದರೆ ಅದೇ ಪೋಷಕರು “ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಎರಡು ಮುದ್ದೆ ಉಂಡರೆ ದಿನದ ಪಾಲು ಮುಗೀತು” ಎಂದಾಗ ಸುಮ್ಮನಿರಲು ಆಗುವುದಿಲ್ಲ. ಈ ವಿಷಯವನ್ನು ಕಟ್ಟಿದವರು ತಕ್ಕಡಿ ಹಿಡಿದದ್ದು ಇಂಥ ಲೆಕ್ಕ ತಪ್ಪಬಾರದು ಎಂದೇ.

ಅವರಲ್ಲೊಬ್ಬರಾದ ಎಲೆನ್ ಸ್ವಾಲೊ ರಿಚರ್ಡ್ಸ್ ರಸಾಯನಶಾಸ್ತ್ರಜ್ಞೆ. ಅಮೆರಿಕದ ಎಂಐಟಿಯಲ್ಲಿ 1873ರಲ್ಲಿ ಪದವಿ ಪಡೆದ ಮೊದಲ ಮಹಿಳೆ. ನೀರು ಮತ್ತು ಆಹಾರದ ಮಾದರಿಗಳ ಪರೀಕ್ಷೆ ಆಕೆಯ ಕಸುಬು. 1890ರಲ್ಲಿ ಆಕೆ ಮತ್ತು ಮೇರಿ ಹಿನ್‌ಮನ್ ಏಬಲ್ ಬಾಸ್ಟನ್ನಿನಲ್ಲಿ ‘ನ್ಯೂ ಇಂಗ್ಲೆಂಡ್ ಕಿಚನ್’ ತೆರೆದರು. ದುಡಿಯುವವರಿಗೆ ಅಗ್ಗದ, ಪೌಷ್ಟಿಕವಾದ ಊಟ, ದಿನವೂ ಒಂದೇ ಅಳತೆಯಲ್ಲಿ. ಅಳತೆ ಸರಿಯಿತ್ತು, ಆದರೆ ವಲಸೆ ಬಂದ ಕುಟುಂಬಗಳಿಗೆ ಆ ರುಚಿ ಹಿಡಿಸಲಿಲ್ಲ. ಉಣ್ಣುವವರನ್ನು ಕೇಳದೆ ಊಟದ ಪಟ್ಟಿ ಬರೆಯುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಪ್ರತಿವರ್ಷ ಹೇಳಬೇಕಾಗುತ್ತದೆ. ಅದೇ ಅಡುಗೆಮನೆ 1894ರಿಂದ ಬಾಸ್ಟನ್ನಿನ ಪ್ರೌಢಶಾಲೆಗಳಿಗೆ ಊಟ ಒದಗಿಸಿತು.

ಅಮೆರಿಕದಲ್ಲಿ ಗೃಹವಿಜ್ಞಾನಕ್ಕೆ ‘ಹೋಮ್ ಎಕನಾಮಿಕ್ಸ್’ ಎಂಬ ಹೆಸರು ನಿಂತದ್ದು 1899ರಲ್ಲಿ ಲೇಕ್ ಪ್ಲಾಸಿಡ್ ಎಂಬ ಊರಿನ ಸಭೆಯಲ್ಲಿ. ಅಲ್ಲಿನ 1917ರ ಸ್ಮಿತ್-ಹ್ಯೂಸ್ ಕಾಯ್ದೆ ಶಾಲೆಗಳಲ್ಲಿ ಈ ವಿಷಯಕ್ಕೆ ಸರ್ಕಾರದ ಹಣ ತಂದಿತು. ಹಣದ ಜೊತೆಗೆ ‘ಹುಡುಗಿಯರ ತರಗತಿ’ ಎಂಬ ಹಣೆಪಟ್ಟಿಯೂ ಗಟ್ಟಿಯಾಯಿತು. ಆದರೂ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಇದ್ದ ಆಗ್ನೆಸ್ ಫೇ ಮಾರ್ಗನ್ ಅವರಂಥವರು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಿಟಮಿನ್‌ಗಳ ಸಂಶೋಧನೆ ಮಾಡಿದ್ದು ಇದೇ ವಿಭಾಗದೊಳಗೆ ಕುಳಿತು. ನಮ್ಮಲ್ಲಿ 1932ರಲ್ಲಿ ದೆಹಲಿಯ ಲೇಡಿ ಇರ್ವಿನ್ ಕಾಲೇಜು, 1950ರಲ್ಲಿ ಬರೋಡಾ ವಿಶ್ವವಿದ್ಯಾಲಯದ ಗೃಹವಿಜ್ಞಾನ ನಿಕಾಯ ಬಂದವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಈಗ ಇದರ ಹೆಸರು ‘ಸಮುದಾಯ ವಿಜ್ಞಾನ’. ಹೆಸರು ಬದಲಾದರೂ ಪೋಷಕರ ಪ್ರಶ್ನೆ ಬದಲಾಗಿಲ್ಲ.

ಈಗ ಮುದ್ದೆಗೆ ಬರೋಣ. 1896ರಲ್ಲಿ ಆಟ್‌ವಾಟರ್ ಮತ್ತು ವುಡ್ಸ್ ಎಂಬ ವಿಜ್ಞಾನಿಗಳು ಅಮೆರಿಕದ ಆಹಾರಗಳ ಪೋಷಕಾಂಶ ಕೋಷ್ಟಕ ಪ್ರಕಟಿಸಿದಾಗ ಅಂಗಡಿಯಿಂದ ತಂದ ತೂಕ, ಎಸೆಯುವ ಭಾಗ, ತಿನ್ನುವ ಭಾಗ ಎಂದು ಬೇರೆಬೇರೆ ತೋರಿಸಿದ್ದರು. ಹಲಸಿನ ಹಣ್ಣು ಕೊಯ್ದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕೋಷ್ಟಕಗಳೂ 100 ಗ್ರಾಂ ತಿನ್ನುವ ಭಾಗಕ್ಕೇ ಲೆಕ್ಕ ಕೊಡುತ್ತವೆ. ಧಾನ್ಯಗಳಲ್ಲಿ ಅದು ಹಸಿ ಧಾನ್ಯದ ಲೆಕ್ಕ. 2017ರ ಭಾರತೀಯ ಕೋಷ್ಟಕದಲ್ಲಿ ರಾಗಿಯ ಕ್ಯಾಲ್ಸಿಯಂ 364 ಮಿ.ಗ್ರಾಂ. ಇದು ಬೇಯಿಸದ ರಾಗಿಗೆ. ಮುದ್ದೆಗಲ್ಲ, ಅಂಬಲಿಗಲ್ಲ.

100 ಗ್ರಾಂ ಹಿಟ್ಟು, 200 ಮಿ.ಲೀ. ನೀರು, ಆವಿ ಹೋಗಿ 270 ಗ್ರಾಂ ಮುದ್ದೆ ಉಳಿಯಿತು ಎನ್ನಿ. ಆ 364 ಮಿ.ಗ್ರಾಂ ಈಗ 270 ಗ್ರಾಮಿನಲ್ಲಿ ಹರಡಿದೆ. ಅಂದರೆ 100 ಗ್ರಾಂ ಮುದ್ದೆಯಲ್ಲಿ ಸುಮಾರು 135. ತಲಾ 200 ಗ್ರಾಮಿನ ಎರಡು ಮುದ್ದೆ ಉಂಡರೆ ಸಿಗುವುದು 540ರ ಆಸುಪಾಸು. ಹಸಿ ರಾಗಿಯ 364ನ್ನೇ ಮುದ್ದೆಗೂ ಹಚ್ಚುವ ಪೋಷಕರ ಲೆಕ್ಕದಲ್ಲಿ ಅದು 1456. ವಯಸ್ಕರಿಗೆ ದಿನಕ್ಕೆ ಬೇಕಾದ್ದು 1000 ಮಿ.ಗ್ರಾಂ. ಉಂಡದ್ದೆಲ್ಲ ಮೈಗೆ ಹತ್ತುತ್ತದೆ ಎಂದೂ ಅಲ್ಲ: ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ದೇಹ ಕ್ಯಾಲ್ಸಿಯಂ ಹೀರುವುದನ್ನು ಒಂದಿಷ್ಟು ತಡೆಯುತ್ತದೆ, ಮೊಳಕೆ ಕಟ್ಟಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಇಂಥ ಲೆಕ್ಕ ನೋಡಿ ಊಟ ಬದಲಿಸಬೇಡಿ, ವೈದ್ಯರನ್ನು ಕೇಳಿ.

ಬಿಸಿಯೂಟದಲ್ಲೂ ಇದೇ ಗೊಂದಲ. ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ ಎಂದರೆ ಹಸಿ ತೂಕ. 100 ಗ್ರಾಂ ಅಕ್ಕಿ ಅನ್ನವಾದಾಗ ಎರಡೂವರೆಯಿಂದ ಮೂರು ಪಟ್ಟಾಗುತ್ತದೆ. ತಟ್ಟೆಯಲ್ಲಿ 100 ಗ್ರಾಂ ಅನ್ನ ಬಿದ್ದರೆ ‘ಅಳತೆ ಸರಿ’ ಎನ್ನುವವರು ಮಗುವಿನ ಪಾಲಿನ ಅರ್ಧಕ್ಕಿಂತ ಹೆಚ್ಚು ಕಳೆದಿರುತ್ತಾರೆ.

ಮನೆಯಲ್ಲೇ ತೂಗುವುದಾದರೆ ಮೊದಲು ಖಾಲಿ ಪಾತ್ರೆಯ ತೂಕ ಬರೆದಿಡಿ. ಹೆಚ್ಚಿನವರು ಮರೆಯುವುದು ಇದನ್ನೇ, ಬೆಂದ ಮೇಲೆ ನೆನಪಾಗಿ ಪ್ರಯೋಜನವಿಲ್ಲ. ತರಕಾರಿಯನ್ನು ಹೆಚ್ಚುವ ಮುಂಚೆ ಒಮ್ಮೆ, ಸಿಪ್ಪೆ ತೆಗೆದ ಮೇಲೆ ಒಮ್ಮೆ ತೂಗಿ. ನೀರನ್ನು ಅಳೆದು ಹಾಕಿ. ಬೆಂದ ಮೇಲೆ ಪಾತ್ರೆಸಹಿತ ತೂಗಿ, ಪಾತ್ರೆಯ ತೂಕ ಕಳೆದು, ಬಂದದ್ದನ್ನು ಹಸಿ ತೂಕದಿಂದ ಭಾಗಿಸಿದರೆ ಬೆಂದು ಎಷ್ಟು ಪಟ್ಟಾಯಿತೆಂದು ಸಿಗುತ್ತದೆ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ, ಏಕೆಂದರೆ ಉರಿ ಮತ್ತು ಮುಚ್ಚಳದ ಮೇಲೆ ಆವಿ ಬದಲಾಗುತ್ತದೆ. ತಕ್ಕಡಿ ಇಲ್ಲದಿದ್ದರೆ 240 ಮಿ.ಲೀ. ಕಪ್ಪು ನಡೆಯುತ್ತದೆ, ಆದರೆ ಹಿಟ್ಟನ್ನು ಜರಡಿ ಹಿಡಿದು, ಚಮಚದಿಂದ ಹಗುರವಾಗಿ ತುಂಬಿ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಬೇಕು. ಡಬ್ಬಿಯೊಳಗೆ ಕಪ್ಪು ಅದ್ದಿ ಎತ್ತಿದರೆ 120 ಗ್ರಾಂ ಹಿಡಿಯಬೇಕಾದ ಮೈದಾ 150ಕ್ಕೂ ಹೋಗುತ್ತದೆ. ಕಪ್ಪನ್ನು ಕುಟ್ಟಬೇಡಿ, ಅಲುಗಿಸಲೂ ಬೇಡಿ.