ಲಕ್ವಾ ಹೊಡೆದ ಮಿದುಳಿನಲ್ಲಿ ಇನ್ನೂ ಉಳಿದಿರುವುದೆಷ್ಟು?

ಸಿಂಧನೂರು, ಮಾನ್ವಿ ಕಡೆಯ ಹಳ್ಳಿಗಳಿಂದ ಲಕ್ವಾ ಹೊಡೆದವರನ್ನು ರಾಯಚೂರಿಗೆ ಕರೆತರುವ ಮನೆಯವರಿಗೆ ವೈದ್ಯರು ಕೇಳುವ ಮೊದಲ ಪ್ರಶ್ನೆ, ಎಷ್ಟು ಗಂಟೆಗೆ ಶುರುವಾಯಿತು ಎಂಬುದು. "ರಾತ್ರಿ ಮಲಗೋಮುಂದ ಚೊಲೋ ಇದ್ರುರೀ, ಮುಂಜಾನೆ ಏಳೂದ್ರಾಗ ಬಾಯಿ ಸೊಟ್ಟ ಆಗಿತ್ತು" ಎಂಬ ಉತ್ತರದಲ್ಲಿ ಆ ಗಳಿಗೆ ಸಿಗುವುದಿಲ್ಲ. ಆದರೆ ಎರಡು ದಶಕಕ್ಕೂ ಹೆಚ್ಚು ಕಾಲ ಚಿಕಿತ್ಸೆ ನಿಂತಿದ್ದು ಆ ಗಳಿಗೆಯ ಮೇಲೆಯೇ. ಮಿದುಳಿನ ರಕ್ತನಾಳವನ್ನು ಮುಚ್ಚಿದ ಹೆಪ್ಪನ್ನು ಕರಗಿಸುವ ಔಷಧವನ್ನು ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆಯೆಂದು 1995ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. 2008ರಲ್ಲಿ ಯುರೋಪಿನ ಅಧ್ಯಯನ ಆ ಗಡುವನ್ನು ನಾಲ್ಕೂವರೆ ಗಂಟೆಗೆ ಒಯ್ದಿತು.

ಗಡಿಯಾರಕ್ಕಿಂತ ರಕ್ತದ ಹರಿವನ್ನು ನೋಡಬೇಕೆಂಬ ವಿಚಾರ ಇದಕ್ಕಿಂತ ಹಳೆಯದು. ಆರೋಗ್ಯವಂತರ ಮಿದುಳಿನ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಬೇಕೆಂಬುದನ್ನು ಸೀಮೋರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ 1940ರ ದಶಕದಲ್ಲೇ ಅಳೆದಿದ್ದರು. ಹರಿವು 20ರ ಆಸುಪಾಸಿಗೆ ಇಳಿದರೆ ನರಕೋಶಗಳ ವಿದ್ಯುತ್ ಚಟುವಟಿಕೆ ನಿಲ್ಲುತ್ತದೆ, 10ರ ಹತ್ತಿರಕ್ಕೆ ಇಳಿದರೆ ಕೋಶಗಳೇ ಸಾಯತೊಡಗುತ್ತವೆ ಎಂಬುದು 1970ರ ದಶಕದ ಪ್ರಾಣಿಪ್ರಯೋಗಗಳಲ್ಲಿ ಕಂಡುಬಂತು. ಈ ಎರಡರ ನಡುವೆ ಸಿಕ್ಕಿಕೊಂಡ, ಕೆಲಸ ನಿಲ್ಲಿಸಿದರೂ ಜೀವ ಬಿಡದ ಭಾಗವನ್ನು ಆಸ್ಟ್ರಪ್ ಮತ್ತು ಸಂಗಡಿಗರು 'ಪೆನಂಬ್ರಾ' ಎಂದರು, ಅಂದರೆ ಗ್ರಹಣದ ಅರೆನೆರಳು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಭತ್ತ ನೋಡಿದವರಿಗೆ ಗ್ರಹಣದ ಹೋಲಿಕೆ ಬೇಕಾಗಲಿಕ್ಕಿಲ್ಲ: ಗರಿ ಸುರುಳಿಕೊಂಡಿದ್ದರೂ ಬೇರಿನಲ್ಲಿ ಹಸಿ ಇರುತ್ತದೆ, ನೀರು ಎಂದು ಬರುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ.

ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯನ್ನು ಚಿತ್ರಿಸಿತು. ಅದೇ ಯಂತ್ರದಿಂದ ರಕ್ತದ ಹರಿವನ್ನೂ ಲೆಕ್ಕಹಾಕಬಹುದೆಂದು ಲಿಯಾನ್ ಆಕ್ಸೆಲ್ 1980ರಲ್ಲಿ ಬರೆದರು. ವಿಧಾನ ಸರಳವಾಗಿದೆ. ಮೊಣಕೈ ಮಡಿಕೆಯ ರಕ್ತನಾಳಕ್ಕೆ ಅಯೋಡಿನ್ ಇರುವ ಡೈಯನ್ನು ರಭಸದಿಂದ ಬಿಟ್ಟು, ಮಿದುಳಿನ ಅದೇ ಭಾಗವನ್ನು ಸುಮಾರು ಒಂದು ನಿಮಿಷ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಾರೆ. ರೋಗಿಗೆ ಮೈಯೆಲ್ಲ ಬಿಸಿಯಾದಂತೆ ಅನಿಸುತ್ತದೆ, ತಲೆ ಅಲುಗಾಡಿಸಿದರೆ ಲೆಕ್ಕ ಕೆಡುತ್ತದೆ. ಮಿದುಳಿನ ದೊಡ್ಡ ರಕ್ತನಾಳಕ್ಕೆ ಡೈ ಬಂದ ಮೇಲೆ, ಎಲ್ಲಿಗೆ ಅದು ಆರು ಸೆಕೆಂಡಿಗಿಂತ ತಡವಾಗಿ ತಲುಪುತ್ತದೆಯೋ ಅದು ಅಪಾಯದಲ್ಲಿರುವ ಭಾಗ. ಎಲ್ಲಿ ಹರಿವು ಸಹಜದ ಶೇ. 30ಕ್ಕಿಂತ ಕೆಳಗಿದೆಯೋ ಅದು ಹೋದ ಭಾಗ ಎಂದು ತಂತ್ರಾಂಶ ಬಣ್ಣ ಹಚ್ಚುತ್ತದೆ.

ಈ ನಕ್ಷೆಗೆ ನಿಜವಾದ ಬೆಲೆ ಬಂದದ್ದು 2018ರಲ್ಲಿ. ಹೋದ ಭಾಗ ಚಿಕ್ಕದಿದ್ದು ಅಪಾಯದ ಭಾಗ ದೊಡ್ಡದಿದ್ದವರನ್ನು ಆರಿಸಿ, ತೊಡೆಸಂದಿನಿಂದ ತಂತಿ ಹಾಕಿ ಹೆಪ್ಪನ್ನು ಹೊರತೆಗೆದ 'ಡಿಫ್ಯೂಸ್ 3' ಅಧ್ಯಯನ, 6ರಿಂದ 16 ಗಂಟೆ ಕಳೆದಿದ್ದರೂ ಶೇ. 45ರಷ್ಟು ಮಂದಿ ತೊಂಬತ್ತನೆಯ ದಿನಕ್ಕೆ ಸ್ವತಂತ್ರವಾಗಿ ಬದುಕಬಲ್ಲವರಾಗಿದ್ದರೆಂದು ತೋರಿಸಿತು. ಔಷಧವೊಂದನ್ನೇ ಪಡೆದವರಲ್ಲಿ ಆ ಪ್ರಮಾಣ ಶೇ. 17. 'ಡಾನ್' ಅಧ್ಯಯನ 24 ಗಂಟೆಯವರೆಗೂ ಹೋಯಿತು. ಬಳ್ಳಾರಿಯಿಂದ ಬೆಂಗಳೂರು 300 ಕಿಲೋಮೀಟರಿಗೂ ಹೆಚ್ಚು, ರಾಯಚೂರಿನಿಂದ ಹೈದರಾಬಾದ್ ಸುಮಾರು 200. ಇಷ್ಟು ದೂರ ಹೋಗಬೇಕಾದವರಿಗೆ ಈ ಬದಲಾವಣೆ ದೊಡ್ಡದು.

ಇಲ್ಲಿಂದ ಮುಂದೆ ನಕ್ಷೆಯ ಮೇಲೆ ಸ್ವಲ್ಪ ಅತಿಭರವಸೆ ಬೆಳೆಯಿತೆಂದು ನನಗೆ ಅನಿಸುತ್ತದೆ. ಲಕ್ವಾ ಹೊಡೆದ ಮೊದಲ ಗಂಟೆಗಳಲ್ಲಿ ತೆಗೆದ ಚಿತ್ರ 'ಹೋಯಿತು' ಎಂದು ತೋರಿಸಿದ ಭಾಗ, ನಾಳ ಬೇಗ ತೆರೆದರೆ ಬದುಕಿ ಉಳಿದದ್ದುಂಟು. ಹೋದ ಭಾಗ ದೊಡ್ಡದೆಂದು ಮೊದಲು ಕೈಬಿಡುತ್ತಿದ್ದ ರೋಗಿಗಳಿಗೂ ಹೆಪ್ಪು ತೆಗೆಯುವುದರಿಂದ ಲಾಭವಿದೆಯೆಂದು 2022 ಮತ್ತು 2023ರಲ್ಲಿ ಜಪಾನ್, ಚೀನಾ ಮೊದಲಾದೆಡೆಯ ಅಧ್ಯಯನಗಳು ಹೇಳಿದವು. ಗಾತ್ರದಷ್ಟೇ ಜಾಗವೂ ಮುಖ್ಯ: ನರತಂತುಗಳು ಒತ್ತಾಗಿ ಇಳಿಯುವ ಕಡೆ ಕಡಲೆಕಾಳಿನಷ್ಟು ಪೆಟ್ಟು ಬಿದ್ದರೂ ಇಡೀ ಕೈ ನಿಲ್ಲಬಹುದು, ಅಷ್ಟು ಚಿಕ್ಕದು ಹರಿವಿನ ನಕ್ಷೆಯಲ್ಲಿ ಕಾಣದೆಯೂ ಹೋಗಬಹುದು.

"ಕೈ ಬರತೈತೇನ್ರಿ ಸಾಹೇಬ್ರ?" ಎಂದು ಕೇಳುವ ಮನೆಯವರಿಗೆ ಆ ಬಣ್ಣದ ಚಿತ್ರವನ್ನೊಂದೇ ನೋಡಿ ಉತ್ತರ ಹೇಳಲಾಗದು. ಅದಕ್ಕೆ ಹೆಚ್ಚು ನಂಬಬಹುದಾದ ಸುಳಿವು ಸಿಗುವುದು ಮರುದಿನ, ವೈದ್ಯರು ಮಂಚದ ಪಕ್ಕ ನಿಂತು ರೋಗಿಯ ಕೈ ಎತ್ತಿಸಿ ಹತ್ತು ಎಣಿಸುವಾಗ.